ಇನ್‌ಸ್ಟ್ರುಮೆಂಟ್ ಅಪ್ರೋಚ್‌ನಲ್ಲಿ ಎತ್ತರದ ಎಚ್ಚರ: ಒಬ್ಬರೇ ಹಾರಿಸುವ ಸಣ್ಣ ವಿಮಾನಕ್ಕೆ

ಇನ್‌ಸ್ಟ್ರುಮೆಂಟ್ ಅಪ್ರೋಚ್‌ನಲ್ಲಿ, ಅಂದರೆ ಉಪಕರಣಗಳನ್ನೇ ನೆಚ್ಚಿ ರನ್‌ವೇ ಕಡೆಗೆ ಬರುವಾಗ, ಮೋಡದೊಳಗೆ ಇಳಿಯುತ್ತಿರುವ ವಿಮಾನ ಎಡಕ್ಕೋ ಬಲಕ್ಕೋ ಸರಿದರೆ ಮಾರ್ಗ ತೋರಿಸುವ ಸೂಜಿಯೂ ಸರಿದು ಅದನ್ನು ತೋರಿಸಿಕೊಡುತ್ತದೆ. ಎತ್ತರದ ವಿಷಯ ಹಾಗಲ್ಲ. ಗ್ಲೈಡ್ ಸ್ಲೋಪ್, ಅಂದರೆ ಇಳಿಯಬೇಕಾದ ಇಳಿಜಾರನ್ನು ತೋರಿಸುವ ರೇಡಿಯೋ ಸಂಕೇತ, ಇಲ್ಲದ ಅಪ್ರೋಚ್‌ನಲ್ಲಿ ಎತ್ತರಮಾಪಕವಾದ ಆಲ್ಟಿಮೀಟರ್ ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ. ಆ ಜಾಗದಲ್ಲಿ ಆ ಸಂಖ್ಯೆ ಸರಿಯೋ ತಪ್ಪೋ ಎಂಬುದನ್ನು ಪೈಲಟ್ ತಾವೇ ತೀರ್ಮಾನಿಸಬೇಕು. ದೊಡ್ಡ ವಿಮಾನದಲ್ಲಿ ಪಕ್ಕದ ಸೀಟಿನ ಪೈಲಟ್ ಎತ್ತರಗಳನ್ನು ಕೂಗಿ ಹೇಳುತ್ತಾರೆ, ನೆಲ ಹತ್ತಿರವಾದರೆ ಯಂತ್ರವೇ ಎಚ್ಚರಿಸುತ್ತದೆ. ಸಣ್ಣ ವಿಮಾನದಲ್ಲಿ ಒಬ್ಬರೇ ಹಾರುವಾಗ ಈ ಎರಡು ನೆರವುಗಳಲ್ಲಿ ಮೊದಲನೆಯದು ಇರುವುದೇ ಇಲ್ಲ, ಎರಡನೆಯದು ಹಲವು ವಿಮಾನಗಳಲ್ಲಿ ಇಲ್ಲ.

ಆದ್ದರಿಂದ ಅಪ್ರೋಚ್‌ನ ಯಾವುದೇ ಕ್ಷಣದಲ್ಲಿ ಪೈಲಟ್ ಮೂರು ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಡುವಂತಿರಬೇಕು. ಈಗ ನಾನು ಯಾವ ಎತ್ತರಕ್ಕಿಂತ ಕೆಳಗೆ ಹೋಗಬಾರದು? ಆ ಮಿತಿ ಎಲ್ಲಿಯವರೆಗೆ ಅನ್ವಯಿಸುತ್ತದೆ? ಅದನ್ನು ದಾಟಿದ ಮೇಲಿನ ಮಿತಿ ಯಾವುದು? ಮೂರರಲ್ಲಿ ಒಂದಕ್ಕೆ ಉತ್ತರ ತೋಚದಿದ್ದರೆ ಇಳಿಯುವುದನ್ನು ನಿಲ್ಲಿಸಿ, ಇರುವ ಎತ್ತರವನ್ನು ಹಿಡಿದುಕೊಂಡು ಉತ್ತರವನ್ನು ಹುಡುಕಬೇಕು. ಫೈನಲ್‌ನಲ್ಲಿ, ಅಂದರೆ ರನ್‌ವೇ ಕಡೆಗೆ ಇಳಿಯುವ ಕೊನೆಯ ಭಾಗದಲ್ಲಿದ್ದರೆ, ಹುಡುಕುತ್ತ ಕೂರದೆ ಮೇಲೇರಬೇಕು. ಮುಂದೆ ಹೇಳುವುದೆಲ್ಲ ಈ ಉತ್ತರಗಳನ್ನು ಸಿದ್ಧವಾಗಿಟ್ಟುಕೊಳ್ಳುವ ವಿಧಾನ, ಮತ್ತು ಅವುಗಳನ್ನು ಅಳೆಯುವ ಆಲ್ಟಿಮೀಟರನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ವಿಚಾರ.

ಆಲ್ಟಿಮೀಟರ್ ಸೆಟ್ಟಿಂಗ್

ಆಲ್ಟಿಮೀಟರ್ ನೆಲದಿಂದ ಇರುವ ದೂರವನ್ನು ಅಳೆಯುವುದಿಲ್ಲ. ಅದು ಗಾಳಿಯ ಒತ್ತಡವನ್ನು ಅಳೆದು, ನಾವು ಗುಬುಟು ತಿರುಗಿಸಿ ಕೊಟ್ಟ ಒತ್ತಡದ ಮಟ್ಟದಿಂದ ಎಷ್ಟು ಮೇಲಿದ್ದೇವೆ ಎಂಬುದನ್ನು ಅಡಿಗಳಲ್ಲಿ ತೋರಿಸುತ್ತದೆ. ಕೊಟ್ಟ ಸಂಖ್ಯೆ ತಪ್ಪಾಗಿದ್ದರೂ ಮುಳ್ಳು ಅಷ್ಟೇ ವಿಶ್ವಾಸದಿಂದ ನಿಂತಿರುತ್ತದೆ. ಸಮುದ್ರಮಟ್ಟದ ಬಳಿ ಒತ್ತಡದಲ್ಲಿ 1 ಹೆಕ್ಟೋಪಾಸ್ಕಲ್ ವ್ಯತ್ಯಾಸ ಸುಮಾರು 28 ಅಡಿಗೆ ಸಮ. ಪಾದರಸದ ಅಂಗುಲಗಳ ಲೆಕ್ಕದಲ್ಲಿ 1 ಅಂಗುಲ ಸುಮಾರು 1,000 ಅಡಿ. ನಿಜವಾದ ಒತ್ತಡಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಇಟ್ಟುಕೊಂಡರೆ ಆಲ್ಟಿಮೀಟರ್ ಹೆಚ್ಚಿನ ಎತ್ತರ ತೋರಿಸುತ್ತದೆ, ಅಂದರೆ ವಿಮಾನ ಅದು ಹೇಳುವುದಕ್ಕಿಂತ ಕೆಳಗಿರುತ್ತದೆ. ಒತ್ತಡ ತೀರಾ ಕುಸಿದ ದಿನ 28.92 ಅಂಗುಲ ಎಂದು ಹೇಳಿದ್ದನ್ನು ಕಿವಿ ಅಭ್ಯಾಸಬಲದಿಂದ 29.92 ಎಂದು ಕೇಳಿಸಿಕೊಳ್ಳುತ್ತದೆ. ಅಂತಹ ದಿನವೇ ಮೋಡಗಳೂ ತಗ್ಗಿರುವುದು ಹೆಚ್ಚು, ಅಪ್ರೋಚ್ ಅನ್ನು ಕೊನೆಯ ಮಿತಿಯವರೆಗೂ ಹಾರಿಸಬೇಕಾಗುವುದೂ ಅಂತಹ ದಿನವೇ.

2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಮಳೆಯಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ320 ಒಂದಕ್ಕೆ ನೆಲದಿಂದ ರೇಡಿಯೋದಲ್ಲಿ ನಿರ್ದೇಶಿಸುವ ಕಂಟ್ರೋಲರ್ 1001 ಹೆಕ್ಟೋಪಾಸ್ಕಲ್ ಬದಲು 1011 ಎಂಬ ಸೆಟ್ಟಿಂಗ್ ಕೊಟ್ಟರು. ಅಪ್ರೋಚ್‌ನ ಇಳಿಜಾರು ಬ್ಯಾರೋಮೀಟರ್ ಆಧರಿಸಿದ್ದುದರಿಂದ ಕಾಕ್‌ಪಿಟ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ವಿಮಾನ ಮಾತ್ರ ಸುಮಾರು 280 ಅಡಿ ಕೆಳಗೆ ಹಾರುತ್ತಿತ್ತು. ಗೋ ಅರೌಂಡ್ ಮಾಡುವ, ಅಂದರೆ ಇಳಿಯುವುದನ್ನು ಬಿಟ್ಟು ಮೇಲೇರುವ ಹೊತ್ತಿಗೆ ಅದು ರನ್‌ವೇಗೆ ಇನ್ನೂ ದೂರವಿರುವಾಗಲೇ, ನೆಲದ ದೂರವನ್ನು ನೇರವಾಗಿ ಅಳೆಯುವ ರೇಡಿಯೋ ಆಲ್ಟಿಮೀಟರ್ ಲೆಕ್ಕದಲ್ಲಿ ನೆಲದಿಂದ 6 ಅಡಿಗೆ ಬಂದಿತ್ತು. ಇಬ್ಬರು ಪೈಲಟ್‌ಗಳಿದ್ದರು, ಸಂಖ್ಯೆಯನ್ನು ತಿರುಗಿ ಓದಿ ಹೇಳಿಯೂ ಇದ್ದರು. ತಿರುಗಿ ಹೇಳುವುದರಿಂದ ಕಿವಿಯ ತಪ್ಪು ಹಿಡಿಯಬಹುದೇ ಹೊರತು ಮೂಲದಲ್ಲೇ ಆದ ತಪ್ಪನ್ನು ಹಿಡಿಯಲಾಗದು.

ಅದಕ್ಕಾಗಿ ಒಂದೇ ಮೂಲದ ಸಂಖ್ಯೆಯನ್ನು ನಂಬಿ ಅಪ್ರೋಚ್ ಆರಂಭಿಸಬಾರದು. ಹೊರಡುವ ಮೊದಲು ನೋಡಿದ ಹವಾಮಾನ ವರದಿಯ ಒತ್ತಡವನ್ನು ಕಾಗದದಲ್ಲಿ ಬರೆದಿಡಿ. ದಾರಿಯಲ್ಲಿ ಏಟಿಸ್, ಅಂದರೆ ನಿಲ್ದಾಣದ ಧ್ವನಿಮುದ್ರಿತ ಹವಾಮಾನ ಪ್ರಸಾರ, ಕೇಳಿದಾಗ ಅದರ ಕೆಳಗೆ ಬರೆಯಿರಿ. ಕಂಟ್ರೋಲರ್ ಹೇಳಿದ್ದನ್ನು ಅದರ ಕೆಳಗೆ ಬರೆಯಿರಿ. ಸಂಖ್ಯೆಗಳು ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಬದಲಾಗಿದ್ದರೆ ಅದು ಹವಾಮಾನ. ಹತ್ತು ಹೆಕ್ಟೋಪಾಸ್ಕಲ್‌ನಷ್ಟು ಜಿಗಿದಿದ್ದರೆ ಅದನ್ನು ತಪ್ಪೆಂದೇ ಭಾವಿಸಿ ಮತ್ತೆ ಕೇಳಿ. ಎಲ್ಲರೂ 1013 ಎಂಬ ಸ್ಟ್ಯಾಂಡರ್ಡ್ ಸೆಟ್ಟಿಂಗ್‌ನಲ್ಲಿ ಹಾರುವ ಮೇಲಿನ ಫ್ಲೈಟ್ ಲೆವೆಲ್‌ಗಳಿಂದ ಇಳಿಯುವವರು ಸ್ಥಳೀಯ ಸೆಟ್ಟಿಂಗ್‌ಗೆ ಬದಲಿಸುವುದನ್ನು ಮರೆತರೆ ಆಲ್ಟಿಮೀಟರ್ 1013ರಲ್ಲೇ ಉಳಿದುಬಿಡುತ್ತದೆ. ಬದಲಾಯಿಸುವ ಎತ್ತರ ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದಲ್ಲಿ ಅದು 18,000 ಅಡಿ, ಬೇರೆ ಹಲವೆಡೆ ಅದಕ್ಕಿಂತ ಬಹಳ ಕೆಳಗೆ. ಆದ್ದರಿಂದ ಆ ಸಂಖ್ಯೆಯನ್ನು ನೆನಪಿನಿಂದಲ್ಲ, ಅಪ್ರೋಚ್‌ನ ನಕ್ಷೆಯಾದ ಚಾರ್ಟ್‌ನಿಂದಲೇ ತೆಗೆದುಕೊಳ್ಳಬೇಕು.

ನೆಲದ ಮೇಲೆ ಮಾಡಬೇಕಾದ ಪರೀಕ್ಷೆ ಚಿಕ್ಕದು, ಆದರೂ ಬಿಡಬಾರದು. ಸರಿಯಾದ ಸೆಟ್ಟಿಂಗ್ ಇಟ್ಟಾಗ ಆಲ್ಟಿಮೀಟರ್ ನಿಲ್ದಾಣದ ನಿಗದಿತ ಎತ್ತರಕ್ಕಿಂತ 75 ಅಡಿಗೂ ಹೆಚ್ಚು ವ್ಯತ್ಯಾಸ ತೋರಿಸಿದರೆ ಅದನ್ನು ನಂಬಿ ಮೋಡದೊಳಗೆ ಹೋಗಬಾರದು ಎಂಬುದು ಅಮೆರಿಕದ ವಿಮಾನಯಾನ ಮಾರ್ಗದರ್ಶನ, ಮತ್ತು ಎಲ್ಲಿಯೂ ಪಾಲಿಸಲು ಯೋಗ್ಯವಾದದ್ದು.

ಚಳಿಯಲ್ಲಿ ಸುಳ್ಳಾಗುವ ಎತ್ತರ

ಸೆಟ್ಟಿಂಗ್ ಪೂರ್ತಿ ಸರಿಯಿದ್ದರೂ ತೀರಾ ತಣ್ಣನೆಯ ಗಾಳಿಯಲ್ಲಿ ಆಲ್ಟಿಮೀಟರ್ ಹೆಚ್ಚು ತೋರಿಸುತ್ತದೆ, ಏಕೆಂದರೆ ತಣ್ಣನೆಯ ಗಾಳಿಯ ಪದರಗಳು ಕುಗ್ಗಿ ಒತ್ತೊತ್ತಾಗಿರುತ್ತವೆ. ಸ್ಟ್ಯಾಂಡರ್ಡ್ ಉಷ್ಣತೆಗಿಂತ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದಂತೆ, ನಿಲ್ದಾಣದ ಮೇಲಿನ ಎತ್ತರದ ಸುಮಾರು ಶೇಕಡಾ 4ರಷ್ಟು ತಪ್ಪು ಸೇರಿಕೊಳ್ಳುತ್ತದೆ. ನಿಲ್ದಾಣದಲ್ಲಿ ಮೈನಸ್ 30 ಡಿಗ್ರಿ ಇದ್ದರೆ ಅಂತರರಾಷ್ಟ್ರೀಯ ಕೋಷ್ಟಕದ ಪ್ರಕಾರ 1,000 ಅಡಿ ಮೇಲೆ 190 ಅಡಿ, 3,000 ಅಡಿ ಮೇಲೆ 570 ಅಡಿ ಸೇರಿಸಬೇಕು. ಗಮನಿಸಬೇಕಾದದ್ದು ಎರಡನೆಯ ಸಂಖ್ಯೆಯನ್ನು. ಚಳಿಯ ತಿದ್ದುಪಡಿಯನ್ನು ಕೊನೆಯ ಮಿತಿಗೆ ಮಾತ್ರ ಮಾಡಿಕೊಳ್ಳುವವರಿದ್ದಾರೆ. ಆದರೆ ಅದಕ್ಕೆ ಮುಂಚಿನ, ಒಂದಾದ ಮೇಲೊಂದು ತಗ್ಗುವ ಮಿತಿಗಳಲ್ಲಿ, ಅಂದರೆ ದೂರದ, ಎತ್ತರದ ಮೆಟ್ಟಿಲುಗಳಲ್ಲಿ, ತಪ್ಪು ದೊಡ್ಡದು, ಬೆಟ್ಟಗಳು ಇರುವುದೂ ಹೆಚ್ಚಾಗಿ ಅಲ್ಲಿಯೇ.

ತಿದ್ದುಪಡಿಗಾಗಿ ಆಲ್ಟಿಮೀಟರ್ ಸೆಟ್ಟಿಂಗನ್ನು ಬದಲಿಸಬಾರದು. ಚಾರ್ಟ್‌ನ ಎತ್ತರಗಳಿಗೆ ಅಡಿಗಳನ್ನು ಕೂಡಿಸಿ, ಹೊಸ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಫೈನಲ್‌ಗೆ ಮುಂಚಿನ ಭಾಗಗಳಲ್ಲಿಯೂ ಇಳಿಯಲಾಗದೆ ಮೇಲೇರಿ ಹೋಗುವ ಮಿಸ್ಡ್ ಅಪ್ರೋಚ್‌ನಲ್ಲಿಯೂ ತಿದ್ದಿದ ಎತ್ತರ ಹಾರಿಸುವುದಾದರೆ ಕಂಟ್ರೋಲರ್‌ಗೆ ತಿಳಿಸಲೇಬೇಕು, ಇಲ್ಲವಾದರೆ ಅದು ಅವರು ಬೇರೆ ವಿಮಾನಗಳ ನಡುವೆ ಇಟ್ಟಿರುವ ಅಂತರವನ್ನು ಕೆಡಿಸುತ್ತದೆ. ಬ್ಯಾರೋಮೀಟರ್ ಆಧಾರಿತ ಲಂಬ ಮಾರ್ಗದರ್ಶನವೂ ಚಳಿಯಲ್ಲಿ ಚಪ್ಪಟೆಯಾಗುವುದರಿಂದಲೇ ಅಂತಹ ಅಪ್ರೋಚ್‌ಗಳ ಚಾರ್ಟ್‌ನಲ್ಲಿ ಕನಿಷ್ಠ ಉಷ್ಣತೆ ಮುದ್ರಿಸಿರುತ್ತಾರೆ. ಉಪಗ್ರಹ ಆಧಾರಿತವಾದ, ಎಲ್‌ಪಿವಿ ಎಂಬ ಅಪ್ರೋಚ್‌ನ ಇಳಿಜಾರಿಗೆ ಈ ತೊಂದರೆ ಇಲ್ಲ. ಆದರೆ ಅದರ ಕೊನೆಯಲ್ಲಿರುವ ಡಿಎ, ಅಂದರೆ ನಿರ್ಧಾರದ ಎತ್ತರವನ್ನು ನಾವು ಓದುವುದು ಅದೇ ಆಲ್ಟಿಮೀಟರ್‌ನಲ್ಲಿ.

ಚಾರ್ಟ್‌ನಿಂದ ಎತ್ತರಗಳನ್ನು ಹೊರತೆಗೆಯುವುದು

ಅಪ್ರೋಚ್ ಆರಂಭವಾಗುವುದಕ್ಕೆ ಬಹಳ ಮೊದಲೇ, ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ, ಎತ್ತರಗಳನ್ನು ಮೇಲಿನಿಂದ ಕೆಳಕ್ಕೆ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಪ್ರತಿ ಎತ್ತರದ ಪಕ್ಕದಲ್ಲಿ ಅದು ಯಾವ ಫಿಕ್ಸ್‌ವರೆಗೆ, ಅಂದರೆ ಮಾರ್ಗದ ಮೇಲೆ ಗುರುತಿಸಿದ ಯಾವ ಬಿಂದುವಿನವರೆಗೆ ಎಂಬುದಿರಲಿ. ಕೊನೆಯಲ್ಲಿ ಮಿಸ್ಡ್ ಅಪ್ರೋಚ್‌ನ ಮೊದಲ ಎತ್ತರ. ನಾಲ್ಕೈದು ಸಾಲಿಗಿಂತ ಹೆಚ್ಚು ಆಗುವುದು ಅಪರೂಪ. ಚಾರ್ಟ್ ಕಣ್ಣೆದುರೇ ಇರುವಾಗ ಬರೆಯುವುದೇಕೆ ಎಂದು ಕೇಳುವವರಿಗೆ ಉತ್ತರ ಸರಳ: ಅಲುಗುವ ವಿಮಾನದಲ್ಲಿ ಚಾರ್ಟ್‌ನ ಸಣ್ಣಕ್ಷರದಲ್ಲಿ ಹುಡುಕುವ ಎರಡು ಸೆಕೆಂಡು ಕಣ್ಣು ಉಪಕರಣಗಳ ಮೇಲಿರುವುದಿಲ್ಲ, ಮತ್ತು ಬರೆಯುವಾಗಲೇ ಸಂಖ್ಯೆ ಮನಸ್ಸಿಗಿಳಿಯುತ್ತದೆ.

ಬರೆಯುವಾಗ ಸಂಖ್ಯೆಗಳ ಗೆರೆಗಳನ್ನು ಗಮನಿಸಬೇಕು. ಕೆಳಗೆ ಗೆರೆಯಿದ್ದರೆ ಅದು ಕನಿಷ್ಠ ಎತ್ತರ, ಮೇಲೆ ಗೆರೆಯಿದ್ದರೆ ಗರಿಷ್ಠ, ಎರಡೂ ಕಡೆ ಇದ್ದರೆ ಕಡ್ಡಾಯ. ಮಿತಿಗಳ ಕೋಷ್ಟಕದಲ್ಲಿ ತಮ್ಮ ವಿಮಾನದ ವೇಗವರ್ಗದ ಸಾಲನ್ನೇ ಓದಬೇಕು. ಸಣ್ಣ ವಿಮಾನವನ್ನು ನಿಗದಿಗಿಂತ ವೇಗವಾಗಿ ತಂದರೆ, ಮುಖ್ಯವಾಗಿ ನಿಲ್ದಾಣ ಕಂಡ ಮೇಲೆ ಸುತ್ತುಹಾಕಿ ಇಳಿಯುವ ಸರ್ಕ್ಲಿಂಗ್‌ನಲ್ಲಿ, ಮೇಲಿನ ವರ್ಗದ ಮಿತಿಯೇ ಸರಿ. ದೂರದ ನಿಲ್ದಾಣದ ಆಲ್ಟಿಮೀಟರ್ ಸೆಟ್ಟಿಂಗ್ ಬಳಸುವಾಗ ಮಿತಿ ಹೆಚ್ಚಿಸಬೇಕೆಂಬ ಟಿಪ್ಪಣಿ, ನಡುವಿನ ಒಂದು ಫಿಕ್ಸ್ ಗುರುತಿಸಲಾಗದಿದ್ದರೆ ಹೆಚ್ಚಿನ ಎಂಡಿಎ, ಅಂದರೆ ಗ್ಲೈಡ್ ಸ್ಲೋಪ್ ಇಲ್ಲದ ಅಪ್ರೋಚ್‌ನ ಕೊನೆಯ ಕನಿಷ್ಠ ಎತ್ತರ, ಹಿಡಿಯಬೇಕೆಂಬ ಟಿಪ್ಪಣಿ, ಇಂಥವು ಸಣ್ಣಕ್ಷರದಲ್ಲಿಯೇ ಇರುತ್ತವೆ.

ಈ ಎತ್ತರಗಳ ಕೆಳಗೆ ಎಷ್ಟು ಖಾಲಿ ಜಾಗ ಇದೆಯೆಂದು ತಿಳಿದಿರುವುದು ಒಳ್ಳೆಯದು. ಆರಂಭಿಕ ಭಾಗದಲ್ಲಿ ಅಡೆತಡೆಗಳ ಮೇಲೆ ಸಾಮಾನ್ಯವಾಗಿ 1,000 ಅಡಿ, ಮಧ್ಯದ ಭಾಗದಲ್ಲಿ 500 ಅಡಿ, ಗ್ಲೈಡ್ ಸ್ಲೋಪ್ ಇಲ್ಲದ ಫೈನಲ್‌ನಲ್ಲಿ ಸುಮಾರು 250 ಅಡಿ ಮಾತ್ರ. ಹತ್ತು ಹೆಕ್ಟೋಪಾಸ್ಕಲ್ ತಪ್ಪು ಎಂದರೆ ಸುಮಾರು 280 ಅಡಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಒಂದು ಅಂಕಿ ತಪ್ಪಿದರೂ ಫೈನಲ್‌ನ ರಕ್ಷಣೆಯೆಲ್ಲ ಮುಗಿದುಹೋಗುತ್ತದೆ ಎಂಬುದು ಕಾಣುತ್ತದೆ.

‘ಅಪ್ರೋಚ್‌ಗೆ ಕ್ಲಿಯರ್’ ಎಂದಾಗ

ಕಂಟ್ರೋಲರ್ ಅಪ್ರೋಚ್‌ಗೆ ಕ್ಲಿಯರೆನ್ಸ್ ಕೊಟ್ಟ ಮಾತ್ರಕ್ಕೆ ಚಾರ್ಟ್‌ನಲ್ಲಿ ಕಾಣುವ ಮೊದಲ ಎತ್ತರಕ್ಕೆ ಇಳಿಯಬಹುದೆಂದಲ್ಲ. ಈ ವ್ಯತ್ಯಾಸದ ಬೆಲೆ ತಿಳಿದದ್ದು 1974ರ ಡಿಸೆಂಬರ್ 1ರಂದು. ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯುಎ 514 ವಿಮಾನ ಇನ್ನೂ ದೂರದಲ್ಲಿರುವಾಗಲೇ ಅಪ್ರೋಚ್‌ಗೆ ಕ್ಲಿಯರೆನ್ಸ್ ದೊರೆಯಿತು. ಸಿಬ್ಬಂದಿ ಅದನ್ನು 1,800 ಅಡಿಗೆ ಇಳಿಯುವ ಅನುಮತಿಯೆಂದು ತಿಳಿದರು. ಆ ಎತ್ತರ ಅನ್ವಯಿಸುತ್ತಿದ್ದುದು ಮುಂದಿನ ಭಾಗಕ್ಕೆ. ವಿಮಾನ ಮೌಂಟ್ ವೆದರ್ ಎಂಬ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 92 ಮಂದಿಯೂ ಸತ್ತರು. ನೆಲದ ಎಚ್ಚರಿಕೆ ಯಂತ್ರವನ್ನು ಅಮೆರಿಕ ದೊಡ್ಡ ವಿಮಾನಗಳಿಗೆ ಕಡ್ಡಾಯ ಮಾಡಿದ್ದು ಇದಾದ ಮೇಲೆ.

ಪಾಲಿಸಬೇಕಾದ ಕ್ರಮ ಇದು: ಪ್ರಕಟಿತ ಮಾರ್ಗದ ಮೇಲೆ ವಿಮಾನ ನಿಜವಾಗಿ ನೆಲೆಗೊಳ್ಳುವವರೆಗೆ ಕಂಟ್ರೋಲರ್ ಕೊನೆಯಲ್ಲಿ ಕೊಟ್ಟ ಎತ್ತರವನ್ನೇ ಹಿಡಿದಿರಿ, ನೆಲೆಗೊಂಡ ಮೇಲೆ ಆ ಭಾಗಕ್ಕೆ ಮುದ್ರಿಸಿದ ಎತ್ತರಕ್ಕೆ ಇಳಿಯಿರಿ. ರೇಡಾರ್ ವೆಕ್ಟರ್‌ನಲ್ಲಿ, ಅಂದರೆ ಕಂಟ್ರೋಲರ್ ಹೇಳಿದ ದಿಕ್ಕಿನಲ್ಲಿ ಹಾರುತ್ತಿರುವಾಗ, ಮಾರ್ಗದ ಹತ್ತಿರ ಇರುವುದು ಮಾರ್ಗದ ಮೇಲಿರುವುದಕ್ಕೆ ಸಮವಲ್ಲ. ಸಂದೇಹವಿದ್ದರೆ ಯಾವ ಎತ್ತರ ಹಿಡಿದಿರಬೇಕೆಂದು ನೇರವಾಗಿ ಕೇಳಿ. ಚಾರ್ಟ್‌ನ ಮೂಲೆಯ ವೃತ್ತದಲ್ಲಿ ಕಾಣುವ ಎಂಎಸ್‌ಎ, ಅಂದರೆ ಸಾಮಾನ್ಯವಾಗಿ 25 ನಾಟಿಕಲ್ ಮೈಲಿಯೊಳಗೆ ಅಡೆತಡೆಗಳ ಮೇಲೆ 1,000 ಅಡಿ ಕೊಡುವ ಎತ್ತರ, ತುರ್ತಿನ ಹೊತ್ತಿಗೆ ಮೀಸಲು. ಅದು ಇಳಿಯುವ ಅನುಮತಿಯಲ್ಲವಾದರೂ ಕೊಟ್ಟ ಎತ್ತರ ಅದಕ್ಕಿಂತ ಬಹಳ ಕೆಳಗಿದ್ದರೆ ಒಮ್ಮೆ ವಿಚಾರಿಸಲು ಒಳ್ಳೆಯ ಕಾರಣ.

ಮೆಟ್ಟಿಲುಗಳನ್ನು ಇಳಿಯುವ ಬಗೆ

ಪ್ರತಿ ಫಿಕ್ಸ್ ದಾಟಿದ ಕೂಡಲೇ ಜೋರಾಗಿ ಇಳಿದು, ಮುಂದಿನ ಎತ್ತರದಲ್ಲಿ ಸಮತಲಕ್ಕೆ ಬಂದು ನಿಲ್ಲುವುದು ಹಳೆಯ ರೂಢಿ. ನನ್ನ ಅಭಿಪ್ರಾಯದಲ್ಲಿ ಒಬ್ಬರೇ ಹಾರುವವರಿಗೆ ಅದು ಒಳ್ಳೆಯದಲ್ಲ. ಪ್ರತಿ ಮೆಟ್ಟಿಲಿನಲ್ಲಿ ಪವರ್, ಮೂಗಿನ ಕೋನವಾದ ಪಿಚ್, ಅದನ್ನು ಹಿಡಿದಿಡುವ ಟ್ರಿಮ್ ಮೂರೂ ಬದಲಾಗುತ್ತವೆ, ಪ್ರತಿ ಬದಲಾವಣೆಯೂ ಮಿತಿಯನ್ನು ದಾಟಿ ಕೆಳಗೆ ಜಾರಲು ಒಂದು ಅವಕಾಶ. ಫೈನಲ್‌ನಲ್ಲಿ ಒಂದೇ ಸಮನಾದ ಇಳಿಜಾರಿನಲ್ಲಿ ಬರುವುದು ಮೇಲು. 3 ಡಿಗ್ರಿ ಇಳಿಜಾರಿಗೆ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂಬುದು ಸರಿಸುಮಾರಾಗಿ ಸಿಗುತ್ತದೆ: 90 ನಾಟ್‌ಗೆ 450, 120 ನಾಟ್‌ಗೆ 600. ಎದುರುಗಾಳಿ ಬಲವಾಗಿದ್ದರೆ ವೇಗಮಾಪಕದ ಸಂಖ್ಯೆಯನ್ನಲ್ಲ, ನೆಲದ ಮೇಲಿನ ವೇಗವನ್ನೇ ಗುಣಿಸಬೇಕು.

ದೂರ ಮತ್ತು ಎತ್ತರದ ಹೊಂದಾಣಿಕೆಯನ್ನೂ ಹೀಗೆಯೇ ನೋಡಬಹುದು. ರನ್‌ವೇ ತುದಿಗೆ ಉಳಿದಿರುವ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ತುದಿಯ ಎತ್ತರ 600 ಅಡಿಯಾಗಿದ್ದು 3 ಮೈಲಿ ಉಳಿದಿದ್ದರೆ ಆಲ್ಟಿಮೀಟರ್ 1,500ಕ್ಕಿಂತ ಕಡಿಮೆ ತೋರಿಸಬಾರದು. ನಿಖರವಾಗಿ ಮೈಲಿಗೆ 318 ಅಡಿ, ಜೊತೆಗೆ ತುದಿಯನ್ನು ಸುಮಾರು 50 ಅಡಿ ಮೇಲೆ ದಾಟಬೇಕು. ಆದ್ದರಿಂದ ಈ ಲೆಕ್ಕ ಬರೀ ಒಂದು ತಾಳೆಗೆ, ಚಾರ್ಟ್‌ನಲ್ಲಿ ದೂರ-ಎತ್ತರದ ಕೋಷ್ಟಕ ಕೊಟ್ಟಿದ್ದರೆ ಅದನ್ನೇ ಬಳಸಬೇಕು. ದೂರವನ್ನು ಎಲ್ಲಿಂದ ಅಳೆಯುತ್ತಿದ್ದೇವೆ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ದೂರ ಅಳೆಯಲು ರೇಡಿಯೋ ಸಂಕೇತ ಕೊಡುವ ಡಿಎಂಇ ಕೇಂದ್ರ ರನ್‌ವೇ ಬಳಿಯೇ ಇರಬೇಕೆಂದಿಲ್ಲ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಕೊರಿಯನ್ ಏರ್ 801 ವಿಮಾನ ಗ್ಲೈಡ್ ಸ್ಲೋಪ್ ಕೆಟ್ಟಿದ್ದ ರಾತ್ರಿ ಮೆಟ್ಟಿಲಿನ ಮಿತಿಗಿಂತ ಕೆಳಗಿಳಿದು ನಿಮಿಟ್ಜ್ ಗುಡ್ಡಕ್ಕೆ ಬಡಿಯಿತು, 228 ಮಂದಿ ಸತ್ತರು. ಅಲ್ಲಿನ ಡಿಎಂಇ ಇದ್ದದ್ದು ಆ ಗುಡ್ಡದ ಮೇಲೆ, ರನ್‌ವೇಯಿಂದ 3 ನಾಟಿಕಲ್ ಮೈಲಿಗೂ ಹೆಚ್ಚು ದೂರದಲ್ಲಿ.

ಜಿಪಿಎಸ್ ಕೆಲವು ಅಪ್ರೋಚ್‌ಗಳಲ್ಲಿ ಕೇವಲ ಸಲಹೆಯ ರೂಪದ ಇಳಿಜಾರನ್ನು ತೋರಿಸುತ್ತದೆ. ಪರದೆಯ ಮೇಲೆ ಅದಕ್ಕೆ ‘ಪ್ಲಸ್ ವಿ’ ಗುರುತು ಇರುತ್ತದೆ. ನೋಡಲು ನಿಜವಾದ ಗ್ಲೈಡ್ ಸ್ಲೋಪ್ ಇರುವ ಐಎಲ್‌ಎಸ್ ಅಪ್ರೋಚ್‌ನಂತೆಯೇ ಇರುವುದರಿಂದ ಇದು ಮೋಸಗೊಳಿಸುತ್ತದೆ. ಇಲ್ಲಿ ಮೆಟ್ಟಿಲಿನ ಎತ್ತರಗಳನ್ನು ಪಾಲಿಸುವ ಹೊಣೆ ಪೈಲಟ್‌ನದೇ, ಎಂಡಿಎಗಿಂತ ಕೆಳಗೆ ಆ ಇಳಿಜಾರು ಮರ ಕಂಬಗಳಿಂದ ದೂರವಿರುತ್ತದೆ ಎಂಬ ಭರವಸೆಯೂ ಇಲ್ಲ. ಸೂಜಿ ನಡುವೆಯೇ ನಿಂತಿದ್ದರೂ ಎಂಡಿಎ ಬಂದಾಗ ಇಳಿತ ನಿಲ್ಲಬೇಕು.

ನಿಜವಾದ ಗ್ಲೈಡ್ ಸ್ಲೋಪ್ ಇರುವಾಗಲೂ ಒಂದು ಜಾಗದಲ್ಲಿ ಆಲ್ಟಿಮೀಟರ್ ನೋಡಲೇಬೇಕು. ಫೈನಲ್ ಅಪ್ರೋಚ್ ಫಿಕ್ಸ್‌ನಲ್ಲಿ ಗ್ಲೈಡ್ ಸ್ಲೋಪ್ ಮೇಲಿದ್ದಾಗ ಎಷ್ಟು ಎತ್ತರ ಇರಬೇಕೆಂದು ಚಾರ್ಟ್ ಹೇಳುತ್ತದೆ. ಅಲ್ಲಿ ಸಂಖ್ಯೆ ಹೊಂದದಿದ್ದರೆ ಸೆಟ್ಟಿಂಗ್ ತಪ್ಪಿರಬಹುದು, ಫಿಕ್ಸ್ ತಪ್ಪಿರಬಹುದು, ಅಥವಾ ಮೇಲಿನಿಂದ ಬಂದು ಕಡಿದಾದ ಹುಸಿ ಇಳಿಜಾರಿಗೆ ಸಿಕ್ಕಿರಬಹುದು. ಯಾವುದೆಂದು ಗಾಳಿಯಲ್ಲೇ ಪತ್ತೆಹಚ್ಚುವ ಅಗತ್ಯವಿಲ್ಲ, ಮೇಲೇರಿದರೆ ಸಾಕು.

ಬಾಯಿಬಿಟ್ಟು ಹೇಳುವುದು, ಬಗ್ ಇಡುವುದು

ಒಬ್ಬರೇ ಇದ್ದರೂ ಎತ್ತರಗಳನ್ನು ಗಟ್ಟಿಯಾಗಿ ಹೇಳಿ. ಯಾವುದೇ ಮಿತಿಗೆ 1,000 ಅಡಿ ಉಳಿದಾಗ ಒಮ್ಮೆ, 500 ಉಳಿದಾಗ ಒಮ್ಮೆ, 100 ಉಳಿದಾಗ ಒಮ್ಮೆ. ಹೇಳುವ ಮಾತಿನಲ್ಲಿ ಎರಡು ಸಂಖ್ಯೆಗಳೂ ಇರಲಿ: ‘2,300 ದಾಟುತ್ತಿದ್ದೇನೆ, 1,800ರಲ್ಲಿ ನಿಲ್ಲಬೇಕು.’ ಬಾಯಿಗೆ ಬರಬೇಕಾದರೆ ಕಣ್ಣು ಸಂಖ್ಯೆಯನ್ನು ಓದಲೇಬೇಕಾಗುತ್ತದೆ, ಬರಿದೆ ಮುಳ್ಳಿನ ಮೇಲೆ ಹಾದುಹೋಗುವಂತಿಲ್ಲ. ಮುಳ್ಳಿನ ಹಳೆಯ ಆಲ್ಟಿಮೀಟರ್‌ನಲ್ಲಿ ಸಾವಿರದ ಚಿಕ್ಕ ಮುಳ್ಳನ್ನು ಬಿಟ್ಟು ನೂರರ ಉದ್ದ ಮುಳ್ಳನ್ನಷ್ಟೇ ಓದಿ ಸರಿಯಾಗಿ 1,000 ಅಡಿ ತಪ್ಪುವುದುಂಟು. ಪೂರ್ಣ ಸಂಖ್ಯೆ ಹೇಳುವ ಅಭ್ಯಾಸ ಅದನ್ನೂ ತಡೆಯುತ್ತದೆ. ಪ್ರಯಾಣಿಕರಿದ್ದರೆ ಇಳಿತ ಆರಂಭವಾದ ಮೇಲೆ ಮಾತಾಡಬಾರದೆಂದು ಮೊದಲೇ ತಿಳಿಸಿಡಿ.

ಆಲ್ಟಿಟ್ಯೂಡ್ ಬಗ್, ಅಂದರೆ ಬೇಕಾದ ಎತ್ತರವನ್ನು ಗುರುತಿಟ್ಟುಕೊಳ್ಳುವ ಸೂಚಕ, ಇದ್ದರೆ ಅದರಲ್ಲಿ ಯಾವಾಗಲೂ ಈಗಿನ ಮಿತಿಯೇ ಇರಬೇಕು, ಮುಂದಿನದ್ದಲ್ಲ. ಫಿಕ್ಸ್ ದಾಟಿದ್ದನ್ನು ನೋಡಿ, ಆಮೇಲೆ ಬಗ್ ಬದಲಿಸಿ, ಆಮೇಲೆ ಇಳಿಯಿರಿ. ಕೆಲಸ ಹಗುರವಾಗಲೆಂದು ಎಂಡಿಎಯನ್ನು ಮೊದಲೇ ಇಟ್ಟುಬಿಟ್ಟರೆ ನಡುವಿನ ಮೆಟ್ಟಿಲುಗಳನ್ನು ಆಟೋಪೈಲಟ್ ಗೌರವಿಸುವುದಿಲ್ಲ. ಆಟೋಪೈಲಟ್‌ಗೆ ಆಜ್ಞೆ ಕೊಟ್ಟ ಮೇಲೆ ಒತ್ತಿದ ಗುಂಡಿಯನ್ನಲ್ಲ, ಪರದೆಯ ಮೇಲೆ ಬಂದ ಮೋಡ್‌ನ ಹೆಸರನ್ನೂ ವಿಮಾನ ನಿಜಕ್ಕೂ ಏನು ಮಾಡುತ್ತಿದೆ ಎಂಬುದನ್ನೂ ನೋಡಬೇಕು. 1992ರ ಜನವರಿ 20ರಂದು ಸ್ಟ್ರಾಸ್‌ಬರ್ಗ್ ಬಳಿ ಏರ್ ಇಂಟರ್ 148 ವಿಮಾನ ಬೆಟ್ಟಕ್ಕೆ ಬಡಿದು 87 ಮಂದಿ ಸತ್ತ ಪ್ರಕರಣದಲ್ಲಿ, 3.3 ಡಿಗ್ರಿ ಇಳಿಜಾರಿಗೆಂದು ಇಟ್ಟ ಸಂಖ್ಯೆಯನ್ನು ಯಂತ್ರ ನಿಮಿಷಕ್ಕೆ 3,300 ಅಡಿ ಎಂದು ತೆಗೆದುಕೊಂಡಿರುವ ಸಾಧ್ಯತೆಯೇ ಹೆಚ್ಚೆಂದು ತನಿಖೆ ಕಂಡುಕೊಂಡಿತು. ಇಂದಿನ ಸಣ್ಣ ವಿಮಾನಗಳ ಆಟೋಪೈಲಟ್‌ಗಳಲ್ಲಿಯೂ ಲಂಬ ಮೋಡ್‌ಗಳು ಅಷ್ಟೇ ಬಗೆಬಗೆಯಾಗಿವೆ.

ಉಪಕರಣವೇ ಕೆಟ್ಟಾಗ

ಹಿಮಗಟ್ಟಿ ಸ್ಟ್ಯಾಟಿಕ್ ಪೋರ್ಟ್, ಅಂದರೆ ಹೊರಗಿನ ಗಾಳಿಯ ಒತ್ತಡವನ್ನು ಉಪಕರಣಗಳಿಗೆ ಒದಗಿಸುವ ರಂಧ್ರ, ಮುಚ್ಚಿದರೆ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ, ಏರುವ ಇಳಿಯುವ ವೇಗ ತೋರಿಸುವ ವಿಎಸ್‌ಐ ಸೊನ್ನೆ ತೋರಿಸುತ್ತದೆ, ಇಳಿಯುತ್ತ ಹೋದಂತೆ ವೇಗಮಾಪಕ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಪವರ್ ಇಳಿಸಿ ಮೂಗು ತಗ್ಗಿಸಿದ ಕೆಲವು ಸೆಕೆಂಡುಗಳಲ್ಲಿ ಆಲ್ಟಿಮೀಟರ್ ಅಲುಗದಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ಕ್ಯಾಬಿನ್‌ನ ಗಾಳಿಯಿಂದ ಒತ್ತಡ ಪಡೆಯುವ ಆಲ್ಟರ್ನೇಟ್ ಸ್ಟ್ಯಾಟಿಕ್ ತೆರೆದರೆ ಉಪಕರಣಗಳು ಮರಳಿ ಬರುತ್ತವೆ, ಆದರೆ ಕ್ಯಾಬಿನ್‌ನ ಒತ್ತಡ ಸಾಮಾನ್ಯವಾಗಿ ಹೊರಗಿನದಕ್ಕಿಂತ ತುಸು ಕಡಿಮೆ ಇರುವುದರಿಂದ ಆಲ್ಟಿಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ. ಎಷ್ಟೆಂಬುದು ವಿಮಾನದ ಕೈಪಿಡಿಯಲ್ಲಿರುತ್ತದೆ, ಅಷ್ಟನ್ನು ಮಿತಿಗೆ ಕೂಡಿಸಬೇಕು.

ಇಂತಹ ಹೊತ್ತಿನಲ್ಲಿ ಕಂಟ್ರೋಲರ್‌ನ ಪರದೆಯಲ್ಲಿ ಎಷ್ಟು ಎತ್ತರ ಕಾಣುತ್ತಿದೆ ಎಂದು ಕೇಳುವುದು ಸಹಜ, ಆದರೆ ಆ ಉತ್ತರದ ಬೆಲೆ ತಿಳಿದಿರಬೇಕು. ವಿಮಾನದಿಂದ ರೇಡಾರ್‌ಗೆ ಉತ್ತರಿಸುವ ಟ್ರಾನ್ಸ್‌ಪಾಂಡರ್ ಯಾವಾಗಲೂ 1013ರ ಲೆಕ್ಕದ ಎತ್ತರವನ್ನೇ ಕಳುಹಿಸುತ್ತದೆ, ಸ್ಥಳೀಯ ಒತ್ತಡಕ್ಕೆ ತಿದ್ದುವುದು ನೆಲದ ಕಂಪ್ಯೂಟರ್. ಹಾಗಾಗಿ ನಮ್ಮ ಸೆಟ್ಟಿಂಗ್ ತಪ್ಪಿದ್ದರೆ ಅವರ ಸಂಖ್ಯೆ ನಮ್ಮದಕ್ಕಿಂತ ಬೇರೆಯಾಗಿ ತಪ್ಪು ಹೊರಬೀಳುತ್ತದೆ. ಸ್ಟ್ಯಾಟಿಕ್ ಕೊಳವೆಯೇ ಮುಚ್ಚಿದ್ದರೆ ಹಾಗಾಗುವುದಿಲ್ಲ. ಸಣ್ಣ ವಿಮಾನಗಳಲ್ಲಿ ಎತ್ತರವನ್ನು ಕಳುಹಿಸುವ ಎನ್‌ಕೋಡರ್ ಸಾಮಾನ್ಯವಾಗಿ ಅದೇ ಕೊಳವೆಯನ್ನು ಅವಲಂಬಿಸಿರುವುದರಿಂದ ಇಬ್ಬರಿಗೂ ಒಂದೇ ಸುಳ್ಳು ಕಾಣುತ್ತದೆ. ಆಗ ಹೋಲಿಸಲು ಉಳಿಯುವುದು ಜಿಪಿಎಸ್ ಎತ್ತರ. ಅದು ಆಲ್ಟಿಮೀಟರ್‌ಗೆ ಅಡಿಗೆ ಅಡಿ ಹೊಂದುವುದಿಲ್ಲ, ಮಿತಿ ಪಾಲಿಸಲು ಬಳಸುವಂತಿಲ್ಲ, ಆದರೂ ನೂರಾರು ಅಡಿಗಳ ವ್ಯತ್ಯಾಸವನ್ನು ಬಯಲು ಮಾಡುತ್ತದೆ.

ಮಿತಿ ಮುಟ್ಟಿದಾಗ

ಡಿಎ ಮತ್ತು ಎಂಡಿಎ ಒಂದೇ ಬಗೆಯ ಮಿತಿಗಳಲ್ಲ. ಡಿಎ ತಲುಪಿದಾಗ ನಿರ್ಧಾರ ಆಗಬೇಕು. ಮೇಲೇರಲು ಆರಂಭಿಸುವಾಗ ವಿಮಾನ ಕ್ಷಣಕಾಲ ಅದರ ಕೆಳಗೆ ಹೋಗುವುದನ್ನು ವಿನ್ಯಾಸದಲ್ಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ರನ್‌ವೇಗೆ ಸಂಬಂಧಿಸಿದ ಗುರುತುಗಳು ಕಾಣದೆ ಎಂಡಿಎಗಿಂತ ಒಂದಡಿಯೂ ಕೆಳಗೆ ಹೋಗುವಂತಿಲ್ಲ. ಸಮ ಇಳಿಜಾರಿನಲ್ಲಿ ಎಂಡಿಎಗೆ ಬರುವವರು ಅದಕ್ಕೆ 50 ಅಡಿಯಷ್ಟು ಸೇರಿಸಿ ಅಲ್ಲಿಯೇ ಮೇಲೇರಲು ಆರಂಭಿಸುವುದು ಒಳ್ಳೆಯ ಪದ್ಧತಿ. ರಾತ್ರಿ ದೀಪಗಳು ಕಂಡ ಮೇಲೂ ಆಲ್ಟಿಮೀಟರನ್ನು ಬಿಡಬೇಡಿ: ಸುತ್ತ ಬೆಳಕಿಲ್ಲದ ಕತ್ತಲ ನೆಲದ ಆಚೆ ರನ್‌ವೇ ಮಾತ್ರ ಹೊಳೆಯುತ್ತಿದ್ದರೆ, ಇರುವುದಕ್ಕಿಂತ ಎತ್ತರದಲ್ಲಿದ್ದೇವೆ ಎಂಬ ಭ್ರಮೆ ಹುಟ್ಟಿ ವಿಮಾನವನ್ನು ತಗ್ಗಿಸುವ ಮನಸ್ಸಾಗುತ್ತದೆ. ರನ್‌ವೇ ಪಕ್ಕದಲ್ಲಿ ಸರಿಯಾದ ಇಳಿಜಾರನ್ನು ಬಣ್ಣದಿಂದ ತೋರಿಸುವ ಪಾಪಿ (PAPI) ದೀಪಗಳಿದ್ದರೆ ಅವುಗಳನ್ನು ಅನುಸರಿಸಿ.

ಮಿಸ್ಡ್ ಅಪ್ರೋಚ್‌ಗೆ ಪೂರ್ಣ ಪವರ್ ಕೊಟ್ಟಾಗ, ಮೋಡದೊಳಗೆ ವೇಗ ಹೆಚ್ಚುವುದೇ ಮೂಗು ತೀರಾ ಮೇಲೆದ್ದಂತೆ ಭಾಸವಾಗಿ ಕೈ ಚಾಲನಾ ಹಿಡಿಕೆಯಾದ ಯೋಕನ್ನು ಮುಂದಕ್ಕೆ ತಳ್ಳಲು ನೋಡುತ್ತದೆ. ಪಿಚ್ ಅನ್ನು ಮೂಗಿನ ಕೋನ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ನೋಡಿಯೇ ಇಡಿ, ಆಲ್ಟಿಮೀಟರ್ ಮತ್ತು ವಿಎಸ್‌ಐ ಎರಡೂ ಏರಿಕೆ ತೋರಿಸುವವರೆಗೆ ಫ್ಲಾಪ್, ರೇಡಿಯೋ, ಜಿಪಿಎಸ್ ಯಾವುದಕ್ಕೂ ಕೈ ಹಾಕಬೇಡಿ. ಆಮೇಲೆ ಬಗ್‌ನಲ್ಲಿ ಮಿಸ್ಡ್ ಅಪ್ರೋಚ್ ಎತ್ತರವನ್ನು ಇಟ್ಟು, ಅದನ್ನು ಗಟ್ಟಿಯಾಗಿ ಹೇಳಿ. ಕೆಲವು ನಿಲ್ದಾಣಗಳಲ್ಲಿ ಆ ಎತ್ತರ ನಿರೀಕ್ಷೆಗಿಂತ ಕಡಿಮೆಯಿರುತ್ತದೆ. ಹಗುರವಾದ ವಿಮಾನ ಪೂರ್ಣ ಪವರ್‌ನಲ್ಲಿ ಅಲ್ಲಿಗೆ ಬೇಗ ತಲುಪಿ, ಇನ್ನೊಂದು ವಿಮಾನಕ್ಕೆಂದು ಕಾದಿಟ್ಟ ಎತ್ತರದೊಳಗೆ ನುಗ್ಗಿಬಿಡಬಹುದು.